ನೇತ್ರಾಣಿಯ ನೀರಿಗೆ ಮುಖವಿಟ್ಟು: ಸ್ಪೀಡ್‌ಬೋಟ್ ಸ್ನಾರ್ಕೆಲಿಂಗ್ ಮಾರ್ಗದರ್ಶಿ

ನೇತ್ರಾಣಿಗೆ ಸ್ನಾರ್ಕೆಲಿಂಗ್‌ಗೆಂದು, ಅಂದರೆ ಮಾಸ್ಕ್ ತೊಟ್ಟು, ಬಾಯಲ್ಲಿ ಉಸಿರುಕೊಳವೆ ಹಿಡಿದು ನೀರಿನ ಮೇಲೆ ಬೋರಲು ತೇಲುತ್ತಾ ಕೆಳಗಿನದನ್ನು ನೋಡಲೆಂದು, ಹೋಗಿ ಬಂದವರಲ್ಲಿ ಎರಡು ಥರದವರು ಸಿಗುತ್ತಾರೆ. ಒಬ್ಬರು ಗಿಳಿಮೀನು ಬಂಡೆಯನ್ನು ಕಟಕಟನೆ ಕಚ್ಚುವ ಸದ್ದು ನೀರೊಳಗೆ ಕೇಳಿದ್ದನ್ನು ವರ್ಣಿಸುತ್ತಾರೆ. ಇನ್ನೊಬ್ಬರು ಬೋಟಿನ ಅಂಚಿಗೆ ತಲೆಯಿಟ್ಟು ವಾಂತಿ ಮಾಡಿಕೊಂಡದ್ದನ್ನು ಹೇಳುತ್ತಾರೆ. ಇಬ್ಬರೂ ಒಂದೇ ದಿನ, ಒಂದೇ ಬೋಟಿನಲ್ಲಿ ಹೋದವರಿರಬಹುದು. ಈಜು ಬರುತ್ತಿತ್ತೋ ಇಲ್ಲವೋ ಎಂಬುದಕ್ಕಿಂತ, ಹೊಟ್ಟೆಯಲ್ಲಿ ಏನಿತ್ತು, ಮಾಸ್ಕ್ ಮುಖಕ್ಕೆ ಕೂತಿತ್ತೇ, ಉಸಿರು ಹೇಗೆ ಹೋಗಿ ಬರುತ್ತಿತ್ತು ಎಂಬುದರ ಮೇಲೆಯೇ ಆ ದಿನ ನಿಂತಿರುತ್ತದೆ. ಈ ಮೂರೂ ನೀರಿಗಿಳಿಯುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತವೆ.

ನೇತ್ರಾಣಿ ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿಗೆ ಸೇರಿದ ಪುಟ್ಟ ದ್ವೀಪ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್, ಅಂದರೆ ಹತ್ತು ನಾಟಿಕಲ್ ಮೈಲಿ. ಆರು ನಾಟ್, ಅಂದರೆ ಗಂಟೆಗೆ ಆರು ನಾಟಿಕಲ್ ಮೈಲಿ ವೇಗದ ಮೀನುಗಾರಿಕೆ ಬೋಟಿಗೆ ಇದು ಒಂದೂವರೆ ಗಂಟೆಗೂ ಮೀರಿದ ದಾರಿ. ಇಪ್ಪತ್ತು ನಾಟ್ ಓಡುವ ಸ್ಪೀಡ್‌ಬೋಟಿಗೆ ಲೆಕ್ಕದಲ್ಲಿ ಅರ್ಧ ಗಂಟೆ. ಅಲೆ ನೋಡಿ ವೇಗ ಇಳಿಸುತ್ತಾರಾದ್ದರಿಂದ ಮುಕ್ಕಾಲು ಗಂಟೆ ಎಂದುಕೊಂಡರೆ ಮೋಸವಿಲ್ಲ.

ಯಾವಾಗ ಹೋಗಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳುವುದೇ ಬೇಡ, ಮಳೆಗಾಲದ ಕಡಲು. ಅಕ್ಟೋಬರ್‌ನಲ್ಲಿ ಬೋಟುಗಳು ಹೊರಟರೂ ನೀರು ಇನ್ನೂ ಹಸಿರು ಹಸಿರಾಗಿ, ಕಸರು ತುಂಬಿಕೊಂಡಿರುವುದುಂಟು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿ. ಒಳ್ಳೆಯ ದಿನ ಸಿಕ್ಕರೆ ಹತ್ತು ಹದಿನೈದು ಮೀಟರ್ ಕೆಳಗಿನ ಬಂಡೆ ಕಾಣುತ್ತದೆ. ಮಾರ್ಚ್ ನಂತರ ಮಧ್ಯಾಹ್ನದ ಗಾಳಿ ಜೋರಾಗುತ್ತಾ ಹೋಗುತ್ತದೆ, ಮೇ ಕೊನೆಗೆ ಆಟ ಮುಗಿಯಿತು.

ತಿಂಗಳಿಗಿಂತ ದಿನ ಮುಖ್ಯ, ದಿನಕ್ಕಿಂತ ಹೊತ್ತು ಮುಖ್ಯ. ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ದಂಡೆಯತ್ತ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲೆಯ ತಲೆಯ ಮೇಲೆ ಬಿಳಿ ನೊರೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಏಳಕ್ಕೋ ಎಂಟಕ್ಕೋ ಹೊರಡುವ ಬೋಟಿಗೇ ಹೆಸರು ಬರೆಸಿ. ಹಿಂದಿನ ದಿನ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಸಮುದ್ರ ಮುನ್ಸೂಚನೆಯಲ್ಲಿ ಅಲೆಯ ಎತ್ತರ ನೋಡಿ. ಅರ್ಧ ಮೀಟರ್ ಇದ್ದರೆ ಹಬ್ಬ. ಒಂದು ಮೀಟರ್ ಮುಟ್ಟಿದರೆ ಮೊದಲ ಸಲ ಹೋಗುವವರಿಗೆ ಹಿಂಸೆ. ಅದಕ್ಕೂ ಮೇಲಿದ್ದರೆ ದಿನ ಬದಲಿಸಿ, ಬೋಟಿನವರು ‘ಏನೂ ಆಗಲ್ಲ’ ಎಂದರೂ.

ಗೋಡೆಯ ಮೇಲಿನ ಕ್ಯಾಲೆಂಡರನ್ನೂ ಒಮ್ಮೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇಳಿತ ಹೆಚ್ಚು, ದ್ವೀಪದ ಮೂಲೆಗಳಲ್ಲಿ ಸೆಳೆತವೂ ಹೆಚ್ಚು. ಅಷ್ಟಮಿ, ನವಮಿಯ ಸುತ್ತಮುತ್ತ ನೀರು ಸೌಮ್ಯ. ತಾರೀಖು ಆರಿಸುವ ಸ್ವಾತಂತ್ರ್ಯವಿದ್ದವರಿಗೆ ಇದು ಪುಕ್ಕಟೆ ಸಿಗುವ ಲಾಭ.

ಹೆಸರು ಬರೆಸುವಾಗ ಕೇಳಬೇಕಾದದ್ದು

ಮೊದಲ ಪ್ರಶ್ನೆ: ಇದು ಸ್ನಾರ್ಕೆಲಿಂಗ್‌ಗೇ ಹೋಗುವ ಬೋಟೋ, ಸ್ಕೂಬಾದವರ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವವರ) ಜೊತೆ ಸೇರಿಸಿ ಒಯ್ಯುವ ಬೋಟೋ? ಮುರುಡೇಶ್ವರದಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಹೊಸಬರಿಗೆ ಸ್ಕೂಬಾವನ್ನು ಒಬ್ಬೊಬ್ಬರನ್ನೇ ಇಳಿಸಿ ಮಾಡಿಸುತ್ತಾರೆ. ಅಷ್ಟು ಹೊತ್ತೂ ಉಳಿದವರು ಲಂಗರು ಹಾಕಿದ ಬೋಟಿನಲ್ಲಿ ತೂಗಾಡುತ್ತಾ ಕೂರಬೇಕು. ಓಡುವ ಬೋಟಿಗಿಂತ ನಿಂತ ಬೋಟು ಹೊಟ್ಟೆಯನ್ನು ಬೇಗ ತೊಳಸುತ್ತದೆ. ಜೊತೆ ಬೋಟೇ ಗತಿಯಾದರೆ, ತಲುಪಿದ ಕೂಡಲೇ ಸ್ನಾರ್ಕೆಲಿಂಗ್‌ನವರನ್ನು ಇಳಿಸುತ್ತೀರಾ ಎಂದು ಮುಂಚೆಯೇ ಮಾತಾಡಿಕೊಳ್ಳಿ.

ಎರಡನೆಯದು, ನೀರಿನಲ್ಲಿ ಒಬ್ಬ ಗೈಡ್‌ಗೆ ಎಷ್ಟು ಜನ. ನಾಲ್ವರಾದರೆ ಚೆನ್ನ, ಆರು ಮೀರಬಾರದು. ಗೈಡ್ ನೀರಿಗಿಳಿದಾಗ ಬೋಟಿನ ಮೇಲೆ ಚಾಲಕ ಬೇರೆ ಇರಲೇಬೇಕು. ಒಬ್ಬನೇ ಎರಡೂ ಕೆಲಸ ಮಾಡುತ್ತಾನೆಂದರೆ ಆ ಬೋಟು ಬೇಡ. ನಿಮ್ಮ ಅಳತೆಯ ಲೈಫ್ ಜಾಕೆಟ್ ಇದೆಯೇ, ಮಕ್ಕಳದ್ದು ಬೇರೆ ಇದೆಯೇ, ಹತ್ತಲು ಏಣಿ ಇದೆಯೇ, ದಂಡೆಯವರನ್ನು ಕರೆಯಲು ವಿಎಚ್‌ಎಫ್ ರೇಡಿಯೊ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ ಎಂದು ಕೇಳಿ. ನೀರಿನಲ್ಲಿ ಎಷ್ಟು ನಿಮಿಷ ಬಿಡುತ್ತೀರಿ ಎಂಬುದನ್ನೂ ಕೇಳಿ. ‘ಇಡೀ ದಿನದ ಪ್ಯಾಕೇಜ್’ ಎಂದದ್ದು ಕೆಲವೊಮ್ಮೆ ಇಪ್ಪತ್ತು ನಿಮಿಷದ ಈಜಾಗಿರುತ್ತದೆ. ಹವೆ ಕೆಟ್ಟು ಟ್ರಿಪ್ ರದ್ದಾದರೆ ದುಡ್ಡು ವಾಪಸ್ಸೋ, ಬೇರೆ ದಿನವೋ, ಬರಹದಲ್ಲಿ ತೆಗೆದುಕೊಳ್ಳಿ.

ಗರ್ಭಿಣಿಯರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು ಸ್ಪೀಡ್‌ಬೋಟ್ ಹತ್ತಬಾರದು. ಬೋಟು ಅಲೆಯ ಮೇಲಿಂದ ಬಿದ್ದಾಗ ಪೆಟ್ಟು ನೇರ ಬೆನ್ನುಮೂಳೆಗೆ. ಹೃದಯದ ಕಾಯಿಲೆ, ಹಿಡಿತಕ್ಕೆ ಬಾರದ ಬಿಪಿ, ಆಸ್ತಮಾ, ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೆ ನೀರಿಗಿಳಿಯಬಾರದು. ಗೈಡ್‌ನಿಂದ ಇದನ್ನು ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ

ರಾತ್ರಿ ಬಸ್ಸಿನಲ್ಲಿ ಬಂದು ನಿದ್ದೆಗೆಟ್ಟು ನೇರ ಬೋಟ್ ಹತ್ತುವುದು ಬೆಂಗಳೂರಿನವರ ಅಭ್ಯಾಸ, ವಾಂತಿಯವರ ಪಟ್ಟಿಯಲ್ಲಿ ಅವರ ಹೆಸರೇ ಮೇಲೆ. ಸಾಧ್ಯವಿದ್ದರೆ ಹಿಂದಿನ ದಿನವೇ ಬಂದು ಮಲಗಿ. ಕುಡಿತ ಬೇಡ.

ಖಾಲಿ ಹೊಟ್ಟೆಯೂ ತಪ್ಪು, ತುಂಬಿದ ಹೊಟ್ಟೆಯೂ ತಪ್ಪು. ಹೊರಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಅಥವಾ ಒಂದು ಬಾಳೆಹಣ್ಣು ಮತ್ತು ಬ್ರೆಡ್ಡು ಸಾಕು. ಬನ್ಸ್, ಪೂರಿ, ಎಣ್ಣೆ ಜಿನುಗುವ ಮಸಾಲೆ ದೋಸೆ ಇವೆಲ್ಲ ವಾಪಸ್ ಬಂದ ಮೇಲೆ. ಕಾಫಿ ಅರ್ಧ ಲೋಟ. ಪ್ರಯಾಣದ ವಾಂತಿಗೆ ಅವೊಮಿನ್‌ನಂಥ ಮಾತ್ರೆ ತೆಗೆದುಕೊಳ್ಳುವ ರೂಢಿಯಿದ್ದರೆ ಬೋಟ್ ಹತ್ತುವುದಕ್ಕೆ ಒಂದು ಗಂಟೆಯಾದರೂ ಮೊದಲು ನುಂಗಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಕಡಲಿಗೇ ಹೋಗುತ್ತದೆ. ಈ ಮಾತ್ರೆಗಳಿಂದ ತೂಕಡಿಕೆ ಬರುತ್ತದೆ. ಹಾಗಾಗಿ ಯಾವುದು, ಎಷ್ಟು ಎಂದು ಡಾಕ್ಟರನ್ನು ಕೇಳಿ, ಊರಲ್ಲೇ ಒಮ್ಮೆ ತೆಗೆದುಕೊಂಡು ನೋಡಿ.

ಬಟ್ಟೆ ಬಗ್ಗೆ ಒಂದೇ ಮಾತು: ಮೈಗಂಟುವ ತುಂಬುತೋಳಿನ ಈಜುಬಟ್ಟೆ ಹಾಕಿ. ನೀರಲ್ಲಿ ಬೋರಲು ತೇಲುವವರಿಗೆ ಸುಡುವುದು ಕತ್ತಿನ ಹಿಂಭಾಗ, ಬೆನ್ನು, ಮೊಣಕಾಲಿನ ಹಿಂದಿನ ಮೀನಖಂಡ. ತಣ್ಣನೆಯ ನೀರಿನಲ್ಲಿ ಉರಿ ಗೊತ್ತಾಗುವುದಿಲ್ಲ, ರಾತ್ರಿ ಗೊತ್ತಾಗುತ್ತದೆ. ಬಟ್ಟೆ ಮುಚ್ಚಿದಷ್ಟು ಜಾಗಕ್ಕೆ ಸನ್‌ಸ್ಕ್ರೀನ್ ಬೇಡ. ಹವಳಕ್ಕೂ ಅದೇ ಒಳ್ಳೆಯದು, ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿಯಲ್ಲಿ 2021ರಿಂದ ನಿಲ್ಲಿಸಿದ್ದೂ ಹವಳದ ಕಾರಣಕ್ಕೇ. ಜೀನ್ಸ್, ಸೀರೆ, ದುಪಟ್ಟಾ ಬೇಡ. ಉಂಗುರ, ಸರ ರೂಮಿನಲ್ಲೇ ಇರಲಿ. ತಣ್ಣೀರಲ್ಲಿ ಬೆರಳು ಕುಗ್ಗಿ ಉಂಗುರ ತಾನಾಗಿ ಜಾರುತ್ತದೆ. ತಲಾ ಒಂದು ಲೀಟರ್ ನೀರು, ಒಣ ಟವೆಲ್, ಮೊಬೈಲಿಗೆ ನೀರು ಹೋಗದ ಚೀಲ, ಇಷ್ಟಿದ್ದರೆ ಆಯಿತು.

ಮಾಸ್ಕ್ ಆರಿಸುವುದು ದಂಡೆಯ ಮೇಲೆ

ಇಲ್ಲಿ ಹತ್ತು ನಿಮಿಷ ಕಳೆಯಿರಿ, ನಾಚಿಕೆ ಬೇಡ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ಜಾರಿದರೆ ಇನ್ನೊಂದು ಕೇಳಿ. ಮೂರನೆಯದೂ ಜಾರಿದರೆ ನಾಲ್ಕನೆಯದು. ಸೋರುವ ಮಾಸ್ಕನ್ನು ಪಟ್ಟಿ ಬಿಗಿದು ಸರಿಮಾಡುತ್ತೇನೆ ಎನ್ನುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಸಿಲಿಕಾನ್ ಅಂಚು ಮಡಚಿ ಇನ್ನಷ್ಟು ಸೋರುತ್ತದೆ, ತಲೆನೋವು ಬೋನಸ್ಸು. ಪಟ್ಟಿ ಕಿವಿಗಿಂತ ಮೇಲೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಸಡಿಲವಾಗಿ ಕೂರಬೇಕು. ನೀರಿನ ಒತ್ತಡವೇ ಮಾಸ್ಕನ್ನು ಹಿಡಿದುಕೊಳ್ಳುತ್ತದೆ.

ಕೂದಲೆಳೆಯೊಂದು ಅಂಚಿನಡಿ ಸಿಕ್ಕಿದರೆ ಅಲ್ಲಿಂದಲೇ ನೀರು ಬರುತ್ತದೆ. ಮುಂಗೂದಲನ್ನು ಪೂರ್ತಿ ಹಿಂದಕ್ಕೆ ತಳ್ಳಿ. ದಪ್ಪ ಮೀಸೆಯವರಿಗೆ ಸೋರುವಿಕೆ ತಪ್ಪಿದ್ದಲ್ಲ. ಮೂಗಿನ ಕೆಳಗೆ ಒಂದು ಸಾಲಿನಷ್ಟು ಟ್ರಿಮ್ ಮಾಡಿಕೊಳ್ಳಬೇಕು, ಇಲ್ಲವೇ ಸಿಲಿಕಾನ್ ಗ್ರೀಸ್ ಹಚ್ಚಬೇಕು. ವ್ಯಾಸಲೀನ್ ಹಚ್ಚಿದರೆ ಮಾಸ್ಕಿನ ಅಂಚು ಕಾಲಕ್ರಮೇಣ ಹಾಳಾಗುತ್ತದೆ, ಬಾಡಿಗೆ ಮಾಸ್ಕಾದರೂ ಇನ್ನೊಬ್ಬರದಲ್ಲವೇ. ಕನ್ನಡಕ ಹಾಕಿಕೊಂಡು ಮಾಸ್ಕ್ ಕೂರುವುದಿಲ್ಲ. ಪವರ್ ಇರುವ ಮಾಸ್ಕ್ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಕಡಿಮೆ ಪವರ್‌ನವರು ಹಾಗೆಯೇ ಇಳಿಯಬಹುದು, ನೀರಿನಲ್ಲಿ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ.

ಗಾಜು ಮಂಜುಗಟ್ಟದಂತೆ ಒಳಮೈಗೆ ಉಗುಳಿ ಬೆರಳಿನಿಂದ ಉಜ್ಜಿ, ಕಡಲ ನೀರಲ್ಲಿ ಒಂದೇ ಸಲ ಅದ್ದಿ ತೆಗೆಯಿರಿ. ಅಸಹ್ಯ ಎನಿಸಿದರೆ ಒಂದು ಹನಿ ಬೇಬಿ ಶಾಂಪೂ ಸಾಕು. ಚೆನ್ನಾಗಿ ತೊಳೆದುಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಇಡೀ ಮುಖ ಮುಚ್ಚುವ ಮಾಸ್ಕ್ ನೋಡಲು ಆಕರ್ಷಕ, ಮೂಗಲ್ಲೂ ಉಸಿರಾಡಬಹುದು ಎಂದು ಮಾರುತ್ತಾರೆ. ನಮ್ಮ ಸಲಹೆ: ಬೇಡ. ಗಾಬರಿಯಾದಾಗ ಥಟ್ಟನೆ ಕಿತ್ತುಹಾಕಲು ಬರುವುದಿಲ್ಲ, ಒಳ್ಳೆಯ ವಿನ್ಯಾಸದ್ದಲ್ಲದಿದ್ದರೆ ಬಿಟ್ಟ ಉಸಿರೇ ಒಳಗೆ ಸುತ್ತುತ್ತದೆ. ಹಾಗೆಯೇ ಸ್ನಾರ್ಕೆಲ್ ಕೊಳವೆ ಉದ್ದವಿದ್ದಷ್ಟೂ ಒಳ್ಳೆಯದೆಂಬ ಭ್ರಮೆಯೂ ಬೇಡ. ದೊಡ್ಡವರದ್ದೇ ನಲವತ್ತು ಸೆಂಟಿಮೀಟರ್‌ನೊಳಗೆ ಇರುತ್ತದೆ. ಉದ್ದವಾದರೆ ಬಿಟ್ಟ ಗಾಳಿ ಹೊರಹೋಗುವ ಮೊದಲೇ ಮತ್ತೆ ಒಳಗೆಳೆಯುತ್ತೀರಿ. ಅದೂ ಅಲ್ಲದೆ ಒಂದು ಮೀಟರ್ ಆಳದಲ್ಲೇ ಎದೆಯ ಮೇಲೆ ಬೀಳುವ ನೀರಿನ ಒತ್ತಡಕ್ಕೆ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಆಗುವುದಿಲ್ಲ.

ಲೈಫ್ ಜಾಕೆಟ್ ಹಾಕಿ ಎಲ್ಲ ಬಕಲ್ ಬಿಗಿದ ಮೇಲೆ ಜೊತೆಯವರಿಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿಯವರೆಗೆ ಏರಿದರೆ ನೀರಲ್ಲೂ ಏರುತ್ತದೆ, ಮುಖ ಕೆಳಗೆ ಮಾಡಲು ಬಿಡುವುದಿಲ್ಲ.

ಬೋಟಿನಲ್ಲಿ

ಕೆಲವು ಕಡೆ ಜೆಟ್ಟಿಯಿಂದ, ಕೆಲವು ಕಡೆ ಮೊಣಕಾಲುದ್ದ ನೀರಲ್ಲಿ ನಡೆದು ಹತ್ತಬೇಕಾಗುತ್ತದೆ. ಸಣ್ಣ ಬೋಟಿನಲ್ಲಿ ಮುಂಭಾಗಕ್ಕೆ ಎಲ್ಲರೂ ಮುಗಿಬೀಳುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ ಎಂದು. ಅಲೆಯ ಏಟು ಹೆಚ್ಚು ಬೀಳುವುದೂ ಅಲ್ಲೇ. ಹಿಂಭಾಗಕ್ಕೆ ಹತ್ತಿರ, ಆದರೆ ಇಂಜಿನ್ ಹೊಗೆ ಮುಖಕ್ಕೆ ಬಾರದ ಜಾಗ ಹಿಡಿಯಿರಿ. ಒಂದು ಕೈಯಲ್ಲಿ ಗಟ್ಟಿ ಹಿಡಿಕೆ, ಪಾದ ನೆಲಕ್ಕೂರಿರಲಿ. ದೊಡ್ಡ ಅಲೆ ಬಂದಾಗ ಸೀಟಿನಿಂದ ತುಸು ಮೇಲೆದ್ದು ಮಂಡಿಯಲ್ಲಿ ಪೆಟ್ಟು ತಾಳಿ, ಬೆನ್ನಿನಲ್ಲಿ ಅಲ್ಲ.

ಕಣ್ಣು ದೂರದ ಬಾನಂಚಿನ ಮೇಲಿರಲಿ. ಹೊರಡುವಾಗ ಹಿಂದಿರುಗಿ ನೋಡಿದರೆ ಮುರುಡೇಶ್ವರದ ಗೋಪುರವೂ ಶಿವನ ಮೂರ್ತಿಯೂ ಬಹಳ ಹೊತ್ತು ಕಾಣುತ್ತಿರುತ್ತವೆ, ಅದನ್ನೇ ನೋಡುತ್ತಿದ್ದರೂ ಆದೀತು. ಮೊಬೈಲ್ ನೋಡಿದಿರೋ ಕೆಟ್ಟಿರಿ. ವಾಂತಿ ಬಂದೇಬಿಟ್ಟರೆ ಗಾಳಿ ಯಾವ ಕಡೆಗೆ ಬೀಸಿ ಹೋಗುತ್ತಿದೆಯೋ ಆ ಬದಿಗೆ ಬಾಗಿ. ಎದುರು ಗಾಳಿಗೆ ಮಾಡಿದರೆ ನಿಮ್ಮದು ನಿಮಗೇ, ಪಕ್ಕದವರಿಗೂ. ಸ್ವಲ್ಪ ಸುಸ್ತಾದವರಿಗೆ ನೀರಿಗಿಳಿದರೆ ಹಾಯೆನಿಸುವುದುಂಟು. ಪದೇ ಪದೇ ವಾಂತಿಯಾದವರು ಇಳಿಯಬಾರದು.

ಇಳಿಯುವುದು

ದ್ವೀಪದ ಯಾವ ಬದಿಗೆ ಬೋಟು ನಿಲ್ಲಿಸಬೇಕೆಂಬುದು ಆ ದಿನದ ಗಾಳಿ ನೋಡಿ ಚಾಲಕ ತೀರ್ಮಾನಿಸುವ ವಿಷಯ. ಗಾಳಿಗೆ ಮರೆಯಾದ ಬದಿಯೇ ಸರಿ. ‘ಕಳೆದ ಸಲ ಆ ಕಡೆ ಚೆನ್ನಾಗಿತ್ತು’ ಎಂದು ಒತ್ತಾಯಿಸಬೇಡಿ.

ಇಂಜಿನ್ ಪೂರ್ತಿ ನಿಂತ ಮೇಲೆ ಮಾತ್ರ ಇಳಿಯಬೇಕು. ನ್ಯೂಟ್ರಲ್‌ನಲ್ಲಿದ್ದರೆ ಸಾಲದು. ಪಾದಕ್ಕೆ ಫಿನ್ (ಈಜಲು ತೊಡುವ ಉದ್ದನೆಯ ರೆಕ್ಕೆ) ಹಾಕಿಕೊಳ್ಳುವುದು ಇಳಿಯುವ ಜಾಗದಲ್ಲಿ ಕೂತ ಮೇಲೆ. ಫಿನ್ ಹಾಕಿ ನಡೆಯಲೇಬೇಕಾದರೆ ಹಿಮ್ಮುಖವಾಗಿ ನಡೆಯಿರಿ. ಅಂಚಿನಲ್ಲಿ ಕೂತು, ಕೆಳಗೆ ಯಾರೂ ಇಲ್ಲವೆಂದು ನೋಡಿ, ಒಂದು ಕೈಯಲ್ಲಿ ಮಾಸ್ಕ್ ಒತ್ತಿಹಿಡಿದು ಜಾರಿ ಇಳಿಯಿರಿ. ಹೊಸಬರಿಗೆ ಏಣಿಯೇ ವಾಸಿ.

ಇಳಿದ ಕೂಡಲೇ ಎಲ್ಲಿಗೂ ಹೊರಡಬೇಡಿ. ಹಗ್ಗವೋ ರಿಂಗೋ ಹಿಡಿದುಕೊಂಡು ಎರಡು ನಿಮಿಷ ಮುಖ ನೀರಿಗಿಟ್ಟು ಉಸಿರಾಡಿ. ಬಾಯಿಂದ ನಿಧಾನ ಒಳಗೆ, ಅದಕ್ಕಿಂತ ನಿಧಾನ ಹೊರಗೆ. ಮೂಗಿನಿಂದ ಉಸಿರಾಡಿಯೇ ಬೆಳೆದ ದೇಹಕ್ಕೆ ಇದು ವಿಚಿತ್ರ. ಎಲ್ಲರಿಗೂ ಮೊದಲ ಅರ್ಧ ನಿಮಿಷ ಎದೆ ಹೊಡೆದುಕೊಳ್ಳುತ್ತದೆ. ಆಗ ಆಗುವುದೇನೆಂದರೆ, ಗಾಬರಿಯಲ್ಲಿ ಚಿಕ್ಕ ಚಿಕ್ಕ ಉಸಿರು ಶುರುವಾಗುತ್ತದೆ. ಚಿಕ್ಕ ಉಸಿರಿನಲ್ಲಿ ಕೊಳವೆಯೊಳಗಿನ ಹಳೇ ಗಾಳಿಯೇ ಹಿಂದೆ ಮುಂದೆ ಓಡಾಡುತ್ತದೆ, ಹೊಸ ಗಾಳಿ ಶ್ವಾಸಕೋಶ ತಲುಪುವುದಿಲ್ಲ. ಉಸಿರು ಸಾಲದೆನಿಸಿ ಗಾಬರಿ ಹೆಚ್ಚುತ್ತದೆ. ಪೂರ್ತಿ ಉಸಿರು ಹೊರಹಾಕುವುದೇ ಇದಕ್ಕೆ ಮದ್ದು. ಹೊರಹಾಕುವಾಗ ಮನಸ್ಸಿನಲ್ಲೇ ನಾಲ್ಕು ಎಣಿಸಿ.

ಕೊಳವೆಗೆ ಅಲೆಯ ನೀರು ನುಗ್ಗಿದರೆ ‘ತೂ’ ಎಂದು ಜೋರಾಗಿ ಒಮ್ಮೆ ಊದಿ. ಊದುವುದಕ್ಕೆ ಉಸಿರು ಉಳಿದಿರಬೇಕಾದ್ದರಿಂದ ಎಳೆಯುವಾಗ ಸದಾ ಹುಷಾರು. ಮಾಸ್ಕಿಗೆ ನೀರು ಬಂದರೆ ತಲೆಯೆತ್ತಿ, ಕೆಳಗಿನ ಅಂಚನ್ನು ಬೆರಳಿನಿಂದ ತುಸು ಬಿಡಿಸಿದರೆ ಇಳಿದುಹೋಗುತ್ತದೆ. ಇವೆರಡನ್ನೂ ಹಗ್ಗ ಹಿಡಿದಿರುವಾಗಲೇ ಬೇಕೆಂದೇ ಮಾಡಿನೋಡಿ. ಆಮೇಲೆ ಬಂದಾಗ ಹೆದರಿಕೆ ಆಗುವುದಿಲ್ಲ.

ಈಜು, ನೋಟ

ಕಾಲನ್ನು ಸೊಂಟದಿಂದ ಆಡಿಸಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ನೊರೆ ಏಳುತ್ತದೆ, ಮುಂದೆ ಹೋಗುವುದಿಲ್ಲ. ಕೈಗಳು ಸುಮ್ಮನಿರಲಿ. ಗೈಡ್ ಮೊದಲು ಸೆಳೆತದ ಎದುರಿಗೆ ಕರೆದೊಯ್ಯಬೇಕು, ಬರುವಾಗ ಸೆಳೆತವೇ ತಳ್ಳಿಕೊಂಡು ಬರುತ್ತದೆ. ಐದೈದು ನಿಮಿಷಕ್ಕೊಮ್ಮೆ ತಲೆಯೆತ್ತಿ ಬೋಟು ಎಲ್ಲಿದೆ, ಜೊತೆಗಾರ ಎಲ್ಲಿದ್ದಾನೆ ನೋಡಿ. ದ್ವೀಪದ ಬಂಡೆಗೋಡೆಗೆ ನಾಲ್ಕೈದು ಮೀಟರ್ ಹತ್ತಿರ ಹೋಗಬೇಡಿ. ಅಲೆ ಎತ್ತಿ ಒಗೆದರೆ ಬಂಡೆಗಂಟಿದ ಚಿಪ್ಪುಗಳು ಬ್ಲೇಡಿನಂತೆ ಕುಯ್ಯುತ್ತವೆ. ದ್ವೀಪ ಹತ್ತುವ ಯೋಚನೆಯೂ ಬೇಡ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗವದು.

ಸನ್ನೆಗಳಲ್ಲಿ ಒಂದು ಎಚ್ಚರ: ಹೆಬ್ಬೆರಳು ಮೇಲೆತ್ತುವುದು ಡೈವಿಂಗ್ ಭಾಷೆಯಲ್ಲಿ ‘ಚೆನ್ನಾಗಿದೆ’ ಅಲ್ಲ, ‘ಮೇಲೆ ಹೋಗೋಣ’. ಸರಿಯಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ, ದೂರದಿಂದಾದರೆ ತಲೆಯ ಮೇಲೆ ಅಂಗೈ. ಕೈಬೀಸುವುದೆಂದರೆ ಸಹಾಯ ಬೇಕು ಎಂದರ್ಥ. ಸುಮ್ಮನೆ ಮನೆಯವರಿಗೆ ಟಾಟಾ ಮಾಡಬೇಡಿ.

ಕೆಳಗೆ ಮಾಲ್ಡೀವ್ಸಿನ ಹವಳದ ತೋಟ ನಿರೀಕ್ಷಿಸಬೇಡಿ. ಇಲ್ಲಿರುವುದು ದೊಡ್ಡ ದೊಡ್ಡ ಬಂಡೆಗಳು, ಅವುಗಳ ಮೈಮೇಲೆ ಅಲ್ಲಲ್ಲಿ ಹವಳದ ತೇಪೆ, ಸಂದುಗೊಂದುಗಳಲ್ಲಿ ಮೀನು. ಮೇಲಿನಿಂದ ನೋಡುವವರಿಗೆ ಮೂರರಿಂದ ಐದು ಮೀಟರ್ ಆಳದ ಬಂಡೆನೆತ್ತಿಗಳೇ ಸೊಗಸು. ಆಳ ಹೆಚ್ಚಿದಂತೆ ಕೆಂಪು ಬಣ್ಣವನ್ನು ನೀರು ಹೀರಿಕೊಂಡು ಎಲ್ಲವೂ ನೀಲಿ ಬೂದು. ಒಂದೇ ಬಂಡೆಯ ಮೇಲೆ ಅಲುಗಾಡದೆ ಎರಡು ನಿಮಿಷ ತೇಲಿ. ಬಡಬಡ ಈಜುವವರಿಗೆ ಮೀನಿನ ಬಾಲ ಮಾತ್ರ ಕಾಣುತ್ತದೆ. ಗಿಳಿಮೀನು, ಚಿಟ್ಟೆಮೀನು, ಬಂಡೆಯಡಿಯ ಮುರುಮೀನು, ಕೆಲವೊಮ್ಮೆ ಆಮೆ. ತಲೆಯೆತ್ತಿದಾಗ ಬಿಳಿ ಹೊಟ್ಟೆಯ ಕಡಲ ಹದ್ದು ಕಂಡರೆ ಅದು ಟಿಕೆಟ್ಟಿನಲ್ಲಿ ಬರೆಯದ ಲಾಭ. ಬ್ರೆಡ್ಡು ಎಸೆದು ಮೀನು ಕರೆಯುವವರನ್ನು ತಡೆಯಿರಿ. ಹವಳದ ಮೇಲೆ ನಿಲ್ಲಬೇಡಿ, ಚೂರೂ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹವಳಕ್ಕೂ ಇದೆ.

ಉಸಿರು ಹಿಡಿದು ಕೆಳಗೆ ಮುಳುಗಲು ಬರುವವರು ಒಂದನ್ನು ಮಾತ್ರ ಮಾಡಬಾರದು: ಮುಳುಗುವ ಮೊದಲು ಜೋರಾಗಿ ಹತ್ತಾರು ಬಾರಿ ಉಸಿರಾಡಿಕೊಳ್ಳುವುದು. ಅದರಿಂದ ಆಮ್ಲಜನಕ ಹೆಚ್ಚೇನೂ ತುಂಬುವುದಿಲ್ಲ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ‘ಉಸಿರು ಬೇಕು’ ಎಂದು ದೇಹ ಕೂಗುವುದು ಅದರ ಏರಿಕೆಯಿಂದ. ಕೂಗು ತಡವಾಗುವಷ್ಟರಲ್ಲಿ ಆಮ್ಲಜನಕ ಮುಗಿದು, ಯಾವ ಮುನ್ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜುವವರೇ ಹೀಗೆ ಸಾಯುವುದು.

ಎಡವಟ್ಟಾದಾಗ

ಮೀನಖಂಡ ಹಿಡಿದುಕೊಂಡರೆ ಅಂಗಾತ ತೇಲಿ, ಫಿನ್ನಿನ ತುದಿಯನ್ನು ನಿಮ್ಮತ್ತ ಎಳೆದು ಕಾಲು ನೀಡಿ. ಸೆಳೆತ ಒಯ್ಯುತ್ತಿದ್ದರೆ ಎದುರು ಈಜಿ ದಣಿಯಬೇಡಿ. ಜಾಕೆಟ್ ತೇಲಿಸುತ್ತದೆ, ಕೈಬೀಸಿ, ಬೋಟೇ ಬರುತ್ತದೆ. ಜೆಲ್ಲಿಫಿಶ್ ತಾಗಿ ಉರಿದರೆ ಕಡಲ ನೀರಿನಲ್ಲೇ ತೊಳೆಯಿರಿ, ಕುಡಿಯುವ ನೀರು ಸುರಿಯಬೇಡಿ, ಮರಳಲ್ಲಿ ಉಜ್ಜಬೇಡಿ. ಅಂಟಿದ ಎಳೆಗಳನ್ನು ಕಾರ್ಡಿನ ಅಂಚಿನಿಂದಲ್ಲ, ಚಿಮುಟದಿಂದ ಎತ್ತಿ. ಸೀ ಅರ್ಚಿನ್ ಎಂಬ ಮುಳ್ಳುಚೆಂಡು ಚುಚ್ಚಿದರೆ ತಾಳುವಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಇಟ್ಟರೆ ನೋವು ಇಳಿಯುತ್ತದೆ. ಆಳಕ್ಕಿಳಿದ ಮುಳ್ಳನ್ನು ಬೋಟಿನಲ್ಲಿ ಕೆದಕದೆ ಡಾಕ್ಟರಿಗೆ ಬಿಡಿ. ಉಸಿರುಗಟ್ಟಿದಂತಾಗಿ ನೊರೆಕಫದ ಕೆಮ್ಮು ಬಂದರೆ, ಎದೆ ನೋವಾದರೆ ಕೂಡಲೇ ನೀರಿನಿಂದ ಹೊರಗೆ, ಒರಗಿಸಿ ಕೂರಿಸಿ, ಬೋಟು ನೇರ ದಂಡೆಗೆ.

ಚಳಿಯಾಗಿ ಮೈ ನಡುಗತೊಡಗಿದರೆ ಸಮಯ ಉಳಿದಿದ್ದರೂ ಹತ್ತಿಬಿಡಿ. ಏಣಿಯ ಹತ್ತಿರ ಬರುವುದು ಚಾಲಕ ಕೈಸನ್ನೆ ಮಾಡಿದ ಮೇಲೆ, ಒಬ್ಬೊಬ್ಬರಾಗಿ. ಏಣಿ ಹಿಡಿದುಕೊಂಡು ಫಿನ್ ತೆಗೆದು ಮೇಲೆ ಕೊಡಿ, ಮಾಸ್ಕ್ ಕೊನೆಯವರೆಗೆ ಮುಖದಲ್ಲೇ ಇರಲಿ. ಹತ್ತುತ್ತಿರುವವರ ಕೆಳಗೆ ನಿಲ್ಲಬೇಡಿ, ಜಾರಿ ಬಿದ್ದರೆ ನಿಮ್ಮ ತಲೆಯ ಮೇಲೇ.

ಹತ್ತಿದ ಮೇಲೆ ಗೈಡ್ ತಲೆ ಎಣಿಸುವವರೆಗೆ ಇಂಜಿನ್ ಶುರುವಾಗಬಾರದು, ಎಣಿಸದಿದ್ದರೆ ನೀವೇ ಎಣಿಸಲು ಹೇಳಿ. ನೀರು ಕುಡಿದು, ಒಣ ಟವೆಲ್ ಹೊದ್ದು ಕೂತುಕೊಳ್ಳಿ. ವಾಪಸ್ ದಾರಿಯಲ್ಲಿ ಗಾಳಿ ಎದ್ದಿರುತ್ತದೆ, ಹೋಗುವಾಗ ಆರಾಮಾಗಿದ್ದವರಿಗೂ ಆಗ ಹೊಟ್ಟೆ ತೊಳಸಬಹುದು. ಬಿಸ್ಕತ್ತಿನ ಪೊಟ್ಟಣ ದಂಡೆ ಸೇರಿದ ಮೇಲೆ ಬಿಚ್ಚಿ. ರೂಮಿಗೆ ಹೋದ ಕೂಡಲೇ ಸಿಹಿನೀರಲ್ಲಿ ಸ್ನಾನ ಮಾಡಿ, ತಲೆ ಓರೆ ಮಾಡಿ ಕಿವಿಯ ನೀರು ಬಸಿಯಿರಿ. ಇಯರ್ ಬಡ್ ಹಾಕಿ ತಿರುವಬೇಡಿ. ಎರಡು ದಿನದ ಮೇಲೂ ಕಿವಿ ಮುಟ್ಟಿದರೆ ನೋವಿದ್ದರೆ ಡಾಕ್ಟರಿಗೆ ತೋರಿಸಿ.